ಎದುರು ಗ್ಯಾಲರಿಯಿಂದ ಕಾಣುವ ಮುಖ

ಸುತ್ತೋಲೆ, ಅನುಮತಿ, ಅನುಕಂಪ ಮೂರಕ್ಕೂ ಒಂದೇ ಮೊಹರು ಒತ್ತುವ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮಾನ್ಯ ಕಾರ್ಯದರ್ಶಿಗಳೇ,

ಬರುವ ಶನಿವಾರದ ಪಂದ್ಯಕ್ಕೆ ಮುಂಚೆ ದಕ್ಷಿಣ ಗ್ಯಾಲರಿಯಲ್ಲಿ ನಾಲ್ಕು ಸಾವಿರದ ಇನ್ನೂರು ಜನ ಬಣ್ಣದ ಕಾರ್ಡು ಎತ್ತಿ ನಮ್ಮ ಹತ್ತನೇ ನಂಬರಿನ ಆಟಗಾರನ ಮುಖ ಮೂಡಿಸಲು ತಾವು ದಯಪಾಲಿಸಿರುವ ಅನುಮತಿಯನ್ನು ಈ ಕೂಡಲೇ ರದ್ದು ಮಾಡಬೇಕು. ಕೊಲೆ ಆರೋಪ ಹೊತ್ತವನ ಮುಖವನ್ನು ಇಷ್ಟೆತ್ತರಕ್ಕೆ ಎತ್ತುವ ಅನುಮತಿ ಗಿಟ್ಟಿಸಿಕೊಂಡ ಬುದ್ಧಿಗೇಡಿ ಯಾರು ಎಂದು ಕಡತ ತೆರೆಸಿ ನೋಡಿದರೆ, ಅರ್ಜಿಯ ಬುಡದಲ್ಲಿ ನನ್ನ ಸಹಿ ಸಿಗುತ್ತದೆ. ಹುಡುಕುವ ಶ್ರಮ ತಮಗೇಕೆ ಎಂದು ಮೊದಲೇ ಹೇಳಿಬಿಟ್ಟೆ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ನಾನು ಕಾಯಿಯನ್ನೇ ಹೆಗಲ ಮೇಲಿಟ್ಟುಕೊಂಡು ತಮ್ಮ ಬಾಗಿಲಿಗೆ ಬಂದವನು.

ವೃತ್ತಿಯಿಂದ ನಾನು ಟೈಲ್ಸ್ ಹಾಕುವ ಮೇಸ್ತ್ರಿ. ಈ ಊರಿನ ಅರ್ಧ ಬಚ್ಚಲುಮನೆಗಳ ಗೋಡೆಗಳಿಗೆ ನನ್ನ ಮುಖಪರಿಚಯವಿದೆ. ನನ್ನ ಮನೆಯ ಬಚ್ಚಲಿನ ಮೂರನೇ ಗೋಡೆಗೆ ಮಾತ್ರ ಎಂಟು ವರ್ಷದಿಂದ ಟೈಲ್ಸಿನ ಭಾಗ್ಯವಿಲ್ಲ. ಕಾರಣ ತಮ್ಮ ಕ್ಲಬ್ಬು. ದಕ್ಷಿಣ ಗ್ಯಾಲರಿಯ ಅಭಿಮಾನಿ ಸಂಘಕ್ಕೆ ಕಾರ್ಡಿನ ಚಿತ್ರ ಬರೆದುಕೊಡುವವನು ನಾನೇ. ಗ್ರಾಫ್ ಹಾಳೆಯ ಒಂದು ಚೌಕ ಎಂದರೆ ಗ್ಯಾಲರಿಯ ಒಂದು ಕುರ್ಚಿ. ಯಾವ ಕುರ್ಚಿಯ ಮೇಲೆ ಯಾವ ಬಣ್ಣದ ಕಾರ್ಡು ಎಂದು ಮೊದಲೇ ಗುರುತು ಮಾಡಿ, ಪಂದ್ಯದ ಬೆಳಗ್ಗೆ ಇಡೀ ಗ್ಯಾಲರಿಯಲ್ಲಿ ಬಗ್ಗಿ ಬಗ್ಗಿ ಇಟ್ಟು ಬರುತ್ತೇವೆ. ಆಟಗಾರರು ಮೈದಾನಕ್ಕೆ ಇಳಿದ ಕೂಡಲೇ ಸಂಘದ ಅಧ್ಯಕ್ಷರು ಸೀಟಿ ಊದುತ್ತಾರೆ, ಎಲ್ಲರೂ ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ, ಎದುರು ಗ್ಯಾಲರಿಯವರು 'ಆಹಾ' ಎನ್ನುತ್ತಾರೆ. ಎತ್ತಿದವನಿಗೆ ಕಾಣುವುದು ಕಾರ್ಡಿನ ಬಿಳೀ ಬೆನ್ನು ಮಾತ್ರ. ತಾನು ಹುಬ್ಬೋ ಹಲ್ಲೋ ಮೂಗಿನ ಹೊಳ್ಳೆಯೋ, ಅವನಿಗೆ ಗೊತ್ತಿರುವುದಿಲ್ಲ. ಒಮ್ಮೆ ಹದಿನಾಲ್ಕನೇ ಸಾಲಿನವರು ಟೀ ಕುಡಿದು ತಡವಾಗಿ ಬಂದದ್ದಕ್ಕೆ ನಮ್ಮ ಗೋಲ್‌ಕೀಪರಿಗೆ ಎಡಗಣ್ಣೇ ಇಲ್ಲದೆ ಹೋಯಿತು. ನಮಗದು ತಿಳಿದದ್ದು ಮರುದಿನದ ಪೇಪರಿನಲ್ಲಿ.

ಇನ್ನು ನಮ್ಮ ಹತ್ತನೇ ನಂಬರಿನವನ ವಿಷಯ. ತಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ತಮ್ಮ ಪತ್ರಿಕಾ ಹೇಳಿಕೆಯಲ್ಲಿ ಅದು 'ನಿಲುಗಡೆ ಜಾಗದಲ್ಲಿ ನಡೆದ ದುರದೃಷ್ಟಕರ ಘಟನೆ' ಎಂದಿರುವುದರಿಂದ, ಮರೆತಿರಬಹುದೆಂಬ ಅನುಮಾನ. ಪೊಲೀಸರ ಆರೋಪಪಟ್ಟಿಯ ಪ್ರಕಾರ, ಎರಡು ತಿಂಗಳ ಹಿಂದೆ ಅಭ್ಯಾಸದ ದಿನ ಮಧ್ಯಾಹ್ನ, ಕಾರು ನಿಲ್ಲಿಸುವ ಜಾಗದ ಗೇಟಿನಲ್ಲಿ ಕಾವಲಿಗಿದ್ದವರು ನಮ್ಮವನ ಕಾರು ತಡೆದು ಪಾಸ್ ಕೇಳಿದರು. ಇವನು ಕಾರಿನಿಂದಿಳಿದು ಹೊಡೆದ. ಬಿದ್ದ ಮೇಲೂ ಒದ್ದ. ಆ ಮನುಷ್ಯ ಆಸ್ಪತ್ರೆಯಲ್ಲಿ ಮೂರನೇ ದಿನ ತೀರಿಕೊಂಡರು. ಇವನು ಹೇಳುವುದು, ತಾನು ಬರೀ ತಳ್ಳಿದೆ, ಅವರೇ ಕಾಲು ಜಾರಿ ಕಬ್ಬಿಣದ ಗೇಟಿಗೆ ತಲೆ ಬಡಿದುಕೊಂಡರು ಎಂದು. ಗಂಡನಿಗೆ ಊಟದ ಡಬ್ಬಿ ತಂದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಹೆಂಡತಿಯೊಬ್ಬರೇ ಕಣ್ಣಾರೆ ಕಂಡವರು. ಸೋಮವಾರ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾದವರು ಆಕೆ. ತಾವು ಅನುಕಂಪದ ಆಧಾರದ ಮೇಲೆ ಕೆಲಸ ಕೊಟ್ಟು ಉತ್ತರ ಗ್ಯಾಲರಿಯ ಗೇಟಿನಲ್ಲಿ, ಅಂದರೆ ನಮ್ಮ ಚಿತ್ರಕ್ಕೆ ನೇರ ಎದುರಾಗಿ, ನಿಲ್ಲಿಸಿರುವುದೂ ಆಕೆಯನ್ನೇ. ಇಡೀ ಕ್ರೀಡಾಂಗಣದಲ್ಲಿ ಗೇಟುಗಳು ಹನ್ನೊಂದು. ಅನುಕಂಪಕ್ಕೆ ಉಳಿದ ಹತ್ತು ಯಾಕೆ ಸರಿಹೊಂದಲಿಲ್ಲವೋ ತಮಗೇ ಗೊತ್ತು.

ಅಂದಹಾಗೆ, ಆ ಕಾವಲಿನವರು ಪಾಸ್ ಕೇಳಿದ್ದಾದರೂ ಯಾಕೆ? ಆ ವಾರವೇ ತಾವು ಸುತ್ತೋಲೆ ಹೊರಡಿಸಿದ್ದಿರಿ: 'ಪಾಸ್ ಇಲ್ಲದ ವಾಹನವನ್ನು, ಅದು ಯಾರದೇ ಆಗಿರಲಿ, ಒಳಗೆ ಬಿಡತಕ್ಕದ್ದಲ್ಲ. ತಪ್ಪಿದಲ್ಲಿ ಕಾವಲುಗಾರರೇ ಹೊಣೆ.' ಸುತ್ತೋಲೆಯನ್ನು ಓದಿದವರು ಲೋಕದಲ್ಲಿ ಅನೇಕರಿದ್ದಾರೆ. ನಂಬಿದವರು ಅವರೊಬ್ಬರೇ ಇರಬೇಕು.

ಹಾಗೆಂದು ತಮ್ಮ ಕಡೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ ನಾನು. ಬಂಧನದ ಸುದ್ದಿ ಬಂದ ದಿನ ದಕ್ಷಿಣ ಗ್ಯಾಲರಿ ಏನು ಮಾಡಿತು ಕೇಳಿ. ಮೊದಲ ಒಂದು ಗಂಟೆ ಸುದ್ದಿಯೇ ಸುಳ್ಳು ಎಂದೆವು. ಎರಡನೇ ಗಂಟೆ, ಎದುರಾಳಿ ಕ್ಲಬ್ಬಿನ ಪಿತೂರಿ ಎಂದೆವು. ಸಂಜೆಯ ಹೊತ್ತಿಗೆ ಸತ್ತವರದ್ದೇ ತಪ್ಪು ಎಂದು ತೀರ್ಮಾನಿಸಿ ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋದೆವು. ಲೀಗಿನ ಪಟ್ಟಿಯಲ್ಲಿ ನಾವಿದ್ದದ್ದು ಎರಡನೇ ಸ್ಥಾನದಲ್ಲಿ, ಉಳಿದದ್ದು ಆರು ಪಂದ್ಯ. ಅಂಥ ಹೊತ್ತಿನಲ್ಲಿ ಮನುಷ್ಯನ ನ್ಯಾಯಬುದ್ಧಿ ಎಷ್ಟು ಚುರುಕಾಗುತ್ತದೆಂದು ತಮಗೆ ನಾನು ಹೇಳಬೇಕೆ?

ಪಂದ್ಯದ ದಿನ ಕ್ಲಬ್ಬು ಹಂಚುವ ನಾಲ್ಕು ಪುಟದ ಪತ್ರಿಕೆಯ ಮೂರನೇ ಪುಟದಲ್ಲಿ ಹಾಸ್ಯ ಬರೆಯುವ ಮಹಾಶಯನೂ ನಾನೇ. ಎಲುಬಿಲ್ಲದ ನಾಲಿಗೆ, ಜೊತೆಗೊಂದು ಪೆನ್ನು. ಆ ವಾರ ಬರೆದೆ: 'ಸೂರ್ಯನನ್ನೇ ಅಡ್ಡಗಟ್ಟಿ ಗುರುತಿನ ಚೀಟಿ ಕೇಳಿದ ಮಹಾನುಭಾವರ ಕಣ್ಣಿನ ವೈದ್ಯರು ಯಾರೆಂದು ತಿಳಿಸಿದರೆ ನಾವೂ ಅವರಿಂದ ದೂರವಿರಬಹುದು.' ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ತಮ್ಮ ಕಚೇರಿಯಿಂದಲೂ ಇಬ್ಬರು ಫೋನ್ ಮಾಡಿ ಬೆನ್ನು ತಟ್ಟಿದರು. ಬರೆಯುವವನಿಗೆ ಇನ್ನೇನು ಬೇಕು?

ಅದಾಗಿ ಮೂರು ವಾರಕ್ಕೆ ನಮ್ಮವನ ಮುಖದ ಮೊದಲ ಚಿತ್ರ. ಕೆಳಗೆ 'ನಿನ್ನ ಜೊತೆ ನಾವಿದ್ದೇವೆ' ಎಂಬ ಸಾಲು. ಗೋಲ್‌ಕೀಪರಿನ ಕಣ್ಣಿನ ಅವಮಾನ ಇನ್ನೂ ಹಸಿಯಾಗಿದ್ದರಿಂದ, ಈ ಸಲ ನಾನೇ ಎದುರು ಗ್ಯಾಲರಿಗೆ ಹೋಗಿ ನಿಂತು ನೋಡೋಣ ಎಂದುಕೊಂಡೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಉತ್ತರದ ಗೇಟಿನ ಹತ್ತಿರ ಕ್ಲಬ್ಬಿನ ನೀಲಿ ಜಾಕೆಟ್ ತೊಟ್ಟ ಹೆಂಗಸೊಬ್ಬರು ನಿಂತಿದ್ದರು. ಜಾಕೆಟ್ಟು ದೊಡ್ಡದಾಗಿ, ತೋಳನ್ನು ಎರಡು ಸುತ್ತು ಮಡಚಿದ್ದರು. ಸೀಟಿ ಕೇಳಿತು. ಚಿತ್ರ ಎದ್ದಿತು. ಮಾನ್ಯರೇ, ಎರಡು ಕಣ್ಣೂ ಇದ್ದವು! ಸಂತೋಷ ತಡೆಯಲಾರದೆ ಪಕ್ಕದಲ್ಲಿದ್ದ ಆಕೆಗೇ ಹೇಳಿದೆ:

"ಹೇಗಿದೆಯಮ್ಮಾ? ನಾನೇ ಮಾಡಿದ್ದು."

"ದೊಡ್ಡದಾಗಿದೆ," ಎಂದರು. ಕಣ್ಣು ಕಿರಿದು ಮಾಡಿ, "ಬಾಯಿ ಹತ್ರ ಅದೇನಣ್ಣ ಬಿಳಿ?"

"ಹಲ್ಲು. ನಗ್ತಾ ಇದಾನೆ."

"ಓ. ನಗ್ತಾ ಇದಾರಾ?"

ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಆದರೆ ಒಂದು ಸಲ ಜನ ನಕ್ಕ ಮಾತನ್ನು ಇನ್ನೊಂದು ಸಲ ಹೇಳದಿದ್ದರೆ ನನಗೆ ಅನ್ನ ಅರಗುವುದಿಲ್ಲ. "ಇಂಥವನನ್ನ ಹಿಡಿದು ಪಾಸ್ ಕೇಳಿದ್ನಲ್ಲಮ್ಮಾ ಆ ಗೇಟಿನವನು! ಸೂರ್ಯನ್ನ ನಿಲ್ಲಿಸಿ ಗುರುತಿನ ಚೀಟಿ ಕೇಳಿದ ಹಾಗೆ. ಕಣ್ಣು ಕಾಣ್ತಿರಲಿಲ್ವೋ ಏನೋ," ಎಂದು ನಾನೇ ನಕ್ಕೆ.

ಆಕೆ ನನ್ನ ಕಡೆ ತಿರುಗಲಿಲ್ಲ. ಚಿತ್ರವನ್ನೇ ನೋಡುತ್ತಾ ಹೇಳಿದರು. "ಕಣ್ಣು ಚೆನ್ನಾಗೇ ಇತ್ತಣ್ಣ ಅವರಿಗೆ. ಗುರುತೂ ಸಿಕ್ಕಿತ್ತು. 'ಸಾರ್, ನಿಮ್ಮ ಅಭಿಮಾನಿ ನಾನು, ಆದ್ರೂ ಪಾಸ್ ತೋರಿಸ್ಬೇಕು' ಅಂದ್ರು. ನಾನು ಅಲ್ಲೇ ಇದ್ದೆ. ಆ ಗೇಟಿನವರು ನಮ್ಮ ಯಜಮಾನರು."

ಆಮೇಲೆ ನನ್ನ ಮುಖ ನೋಡಿ ಪಾಪ ಎನ್ನಿಸಿರಬೇಕು. "ಅವರೂ ನಿಮ್ಮ ಕಾರ್ಡ್ ಎತ್ತೋರು. ಡ್ಯೂಟಿ ಇಲ್ಲದ ದಿನ ಟಿಕೆಟ್ ತಗೊಂಡು ಹೋಗಿ ಕೂರೋರು. ಮನೆಗೆ ಬಂದು, ಚಿತ್ರ ಹೇಗೆ ಬಂದಿತ್ತಂತೆ ಕಣೇ ಅಂತ ನನ್ನನ್ನ ಕೇಳೋರು. ಎತ್ತಿದೋರಿಗೆ ಕಾಣಲ್ವಂತಲ್ಲ," ಎಂದರು.

ಆ ಪಂದ್ಯ ಗೆದ್ದೆವೋ ಸೋತೆವೋ ಈಗಲೂ ನನಗೆ ಗೊತ್ತಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸಮಾಧಾನ ಮಾಡುತ್ತಾಳೆಂದು ಕಾದವನು ನಾನು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಆಸೆ ಸತ್ತಿಲ್ಲ. "ಯಾರದೋ ಬಚ್ಚಲಲ್ಲಿ ನಾಲ್ಕು ಟೈಲ್ಸ್ ಅಂಟಿಸೋಕೆ ನಾಲ್ಕು ಸಲ ಹಿಂದೆ ಸರಿದು ನಿಂತು ನೋಡ್ತೀರಿ. ಒಬ್ಬ ಮನುಷ್ಯ ಸತ್ತಿದ್ದನ್ನ ನೋಡೋಕೆ ಒಂದು ಹೆಜ್ಜೆ ಹಿಂದೆ ಸರಿಯೋಕಾಗ್ಲಿಲ್ವಾ?" ಎಂದು ಕೇಳಿ ಒಳಗೆ ಹೋದಳು.

ಇಷ್ಟಾದ ಮೇಲಾದರೂ ನಾನು ತಿದ್ದಿಕೊಂಡೆ ಎಂದು ತಾವು ಭಾವಿಸಿದರೆ, ಅದು ತಮ್ಮ ದೊಡ್ಡಗುಣ. ನಮ್ಮವನಿಗೆ ಜಾಮೀನು ಸಿಕ್ಕಿತು. ಶನಿವಾರ ಆಡುತ್ತಾನೆ ಎಂದು ತಾವು ಪ್ರಕಟಿಸಿದಿರಿ. ಅಭಿಮಾನಿ ಸಂಘದ ಅಧ್ಯಕ್ಷರು ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಗಂಡ. ಅವರ ಪಂಕ್ಚರ್ ಅಂಗಡಿಯಲ್ಲಿ, ಹಳೆಯ ಟೈರುಗಳ ಮೇಲೆ ಕೂತು ಸಭೆ ನಡೆಯಿತು. ಮುಂಚಿನದಕ್ಕಿಂತ ದೊಡ್ಡ ಚಿತ್ರ ಬೇಕು, ತಲೆಯ ಮೇಲೊಂದು ಕಿರೀಟ ಬೇಕು ಎಂದು ಠರಾವಾಯಿತು. ಬಾಯಿ ಬಿಟ್ಟೆ.

"ಭಾವ, ಎದುರಿಗೆ ಆಯಮ್ಮ ನಿಂತಿರ್ತಾರೆ. ಸೋಮವಾರ ಕೋರ್ಟಿಗೆ ಬೇರೆ ಹೋಗ್ಬೇಕು."

"ಅದಕ್ಕೆ? ರಜಾ ಹಾಕ್ಲಿ."

"ಹೊಸದಾಗಿ ಸೇರಿದೋರಿಗೆ ಆರು ತಿಂಗಳು ಪಂದ್ಯದ ದಿನ ರಜೆ ಇಲ್ಲ ಭಾವ."

"ನೋಡಪ್ಪಾ, ನೀನು ಹಾಸ್ಯ ಬರೆಯೋನು, ಹಾಸ್ಯ ಬರಿ. ಅಳೋದಕ್ಕೆ ಬೇರೆ ಜನ ಇದಾರೆ. ಕಿರೀಟಕ್ಕೆ ಹಳದಿ ಎಷ್ಟು ಬೇಕು ಹೇಳು."

ಮುನ್ನೂರ ಹನ್ನೆರಡು ಎಂದೆ. ಬೇಡ ಎನ್ನಬೇಕೆಂದು ಬಾಯಿ ತೆರೆದವನು, ಮುನ್ನೂರ ಹನ್ನೆರಡು ಎಂದೆ. ಗ್ರಾಫ್ ಬರೆದೆ, ಅರ್ಜಿ ಬರೆದೆ, ಸಹಿ ಹಾಕಿದೆ. ತಾವು ಒಂದೇ ದಿನದಲ್ಲಿ ಮೊಹರು ಒತ್ತಿದಿರಿ. ತಮ್ಮ ಕಚೇರಿಯ ಇತಿಹಾಸದಲ್ಲಿ ಇಷ್ಟು ಬೇಗ ಇತ್ಯರ್ಥವಾದ ಅರ್ಜಿ ಇನ್ನೊಂದಿದ್ದರೆ ತೋರಿಸಿ.

ಮಂಗಳವಾರ ಅದನ್ನು ವಾಪಸ್ ಪಡೆಯಲು ತಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ಕನ್ನಡಕ ಹಣೆಗೇರಿಸಿ, "ಅನುಮತಿ ಕೇಳೋಕೆ ನಮೂನೆ ಇದೆ ಮೇಸ್ತ್ರಿ. ಬೇಡ ಅನ್ನೋಕೆ ನಮೂನೆ ಇಲ್ಲ. ಯಾರೂ ಬೇಡ ಅಂದಿಲ್ವಲ್ಲ ಇದುವರೆಗೂ," ಎಂದರು. ತಾವು ಮೀಟಿಂಗಿನಲ್ಲಿದ್ದಿರಿ. ಗಾಜಿನ ಬಾಗಿಲಿನಾಚೆ ತಾವೊಬ್ಬರೇ ಕೂತು ಬಿಸ್ಕತ್ತು ತಿನ್ನುವ ಮೀಟಿಂಗು ಕಾಣುತ್ತಿತ್ತು.

ಆಗ ಒಂದು ದುರ್ಬುದ್ಧಿ ಹೊಳೆಯಿತು. ಎತ್ತುವವರಿಗೆ ಚಿತ್ರ ಕಾಣುವುದಿಲ್ಲ ತಾನೆ? ಕಾರ್ಡು ಇಡುವವರು ನಾನು ಕೊಟ್ಟ ಹಾಳೆಯನ್ನೇ ನಂಬುವವರು ತಾನೆ? ಪೇಪರಿನಲ್ಲಿ ಬಂದಿದ್ದ ಅಂಗೈ ಅಗಲದ ಫೋಟೊ ನೋಡಿಕೊಂಡು, ಸತ್ತವರ ಮುಖವನ್ನೇ ಗ್ರಾಫಿನಲ್ಲಿ ಬರೆದೆ. ಎರಡು ದಿನ ಕೆಲಸಕ್ಕೆ ಹೋಗದೆ ಬರೆದೆ. ಸೀಟಿ ಊದಲಿ, ಇಡೀ ದಕ್ಷಿಣ ಗ್ಯಾಲರಿ ತನಗೇ ಗೊತ್ತಿಲ್ಲದೆ ಗೇಟಿನವರನ್ನು ಎತ್ತಿ ಹಿಡಿಯಲಿ! ನನ್ನ ಪಾಪವೆಲ್ಲ ಒಂದೇ ಸಲಕ್ಕೆ ತೊಳೆದುಹೋಗುತ್ತದೆ ಎಂದು ಹಿಗ್ಗಿ, ನಿನ್ನೆ ಉತ್ತರದ ಗೇಟಿಗೆ ಓಡಿದೆ.

ಆಕೆ ಹಾಳೆಯನ್ನು ತೋಳಿನಷ್ಟು ದೂರ ಹಿಡಿದು ತುಂಬ ಹೊತ್ತು ನೋಡಿದರು. "ಮೂಗು ಅವರದ್ದೇ," ಎಂದರು. ಆಮೇಲೆ, "ಎತ್ತೋರಿಗೆ ಗೊತ್ತಿರತ್ತಾ ಅಣ್ಣ?"

"ಇಲ್ಲಮ್ಮ. ಅದೇ ಅಲ್ವಾ ಇದರ ಮಜಾ."

"ಹಾಗಾದ್ರೆ ಬೇಡ." ಹಾಳೆಯನ್ನು ಮಡಚಿ ನನ್ನ ಕೈಗಿಟ್ಟರು. "ಅವತ್ತೂ ಎತ್ತೋರಿಗೆ ಗೊತ್ತಿಲ್ದೆ ಎತ್ತಿಸಿದ್ರಿ, ಇವತ್ತೂ ಗೊತ್ತಿಲ್ದೆ ಎತ್ತಿಸ್ತೀನಿ ಅಂತೀರಿ. ಗೊತ್ತಿದ್ದು ಎತ್ತೋರು ನಾಲ್ಕೇ ಜನ ಇದ್ರೂ ಸಾಕಿತ್ತು ನನಗೆ. ಶನಿವಾರ ಅಷ್ಟು ಜನ ಸೇರಿ ಆ ಮುಖ ತೋರಿಸಿದ್ರೆ, ಸೋಮವಾರ ಆ ಕಟಕಟೆಯಲ್ಲಿ ನನಗೆ ಮಾತು ಹೊರಡತ್ತೋ ಇಲ್ವೋ. ಅದೊಂದೇ ಭಯ."

ಮಾನ್ಯರೇ, ನಮ್ಮ ಹತ್ತನೇ ನಂಬರಿನವನು ತಪ್ಪಿತಸ್ಥನೋ ಅಲ್ಲವೋ ನ್ಯಾಯಾಧೀಶರು ಹೇಳಲಿ. ಅವನು ನಿರಪರಾಧಿಯೇ ಆಗಿರಬಹುದು. ಹಾಗಿದ್ದರೆ ಆಕೆ ಮಾತಾಡಿದ್ದರಿಂದ ಅವನಿಗೆ ನಷ್ಟವೇನೂ ಇಲ್ಲವಲ್ಲ? ಆಕೆಯ ಬಾಯಿ ಕಟ್ಟಿಸಲು ನಾಲ್ಕು ಸಾವಿರದ ಇನ್ನೂರು ಜನ ಬೇಕೆ? ನಮ್ಮ ಗ್ಯಾಲರಿಯವರು ಕೆಟ್ಟವರಲ್ಲ. ಬಾಡಿಗೆ ಆಟೋ ಓಡಿಸುವವರು, ಬಟ್ಟೆ ಹೊಲಿಯುವವರು, ಶಾಲೆಯ ಮೇಷ್ಟ್ರು. ಮುಖಕ್ಕೆ ಅಡ್ಡ ಹಿಡಿಯಲು ಒಂದು ಕಾರ್ಡು ಕೊಟ್ಟರೆ ಯಾರು ಬೇಕಾದರೂ ಹಿಡಿಯುತ್ತಾರೆ. ಕೊಟ್ಟವನು ನಾನು, ಮೊಹರು ತಮ್ಮದು.

ಆದ್ದರಿಂದ ನನ್ನ ಬೇಡಿಕೆ. ಅನುಮತಿಯನ್ನು ರದ್ದು ಮಾಡಿ. ನಾನೊಬ್ಬ ಹಿಂದೆ ಸರಿದರೆ ಸಾಲದು, ಕಿರೀಟದ ಗ್ರಾಫ್ ಆಗಲೇ ಭಾವನ ಕೈಯಲ್ಲಿದೆ, ಕಾರ್ಡು ಇಡುವ ಕೈಗಳಿಗೆ ಬರವಿಲ್ಲ. ಅಷ್ಟು ಆಗದಿದ್ದರೆ, ಸೀಟಿ ಊದುವ ಮುಂಚೆ ಒಂದೇ ನಿಮಿಷ ಕ್ರೀಡಾಂಗಣದ ಮೈಕು ಕೊಡಿ. ಏನನ್ನು ಎತ್ತುತ್ತಿದ್ದೇವೆ, ಯಾರ ಎದುರಿಗೆ ಎತ್ತುತ್ತಿದ್ದೇವೆ, ಆಕೆ ಸೋಮವಾರ ಎಲ್ಲಿಗೆ ಹೋಗಬೇಕಾಗಿದೆ ಎಂದು ಹೇಳುತ್ತೇನೆ. ಆಮೇಲೂ ಎತ್ತುವವರು ಧಾರಾಳವಾಗಿ ಎತ್ತಲಿ, ಗೊತ್ತಿದ್ದು ಎತ್ತಲಿ. ಮೈಕೂ ಕೊಡಲಾಗದಿದ್ದರೆ ಬೆಳಗ್ಗೆಯೇ ದಕ್ಷಿಣದ ಬಾಗಿಲಲ್ಲಿ ನಿಂತು ಒಳಗೆ ಬರುವ ಒಬ್ಬೊಬ್ಬರಿಗೂ ಹೇಳುತ್ತೇನೆ. ಹಾಗೇನಾದರೂ ಮಾಡಿದರೆ ಮನೆ ಹೊಸಿಲು ತುಳಿಯಬೇಡ ಎಂದು ಭಾವ ಆಗಲೇ ಅಕ್ಕನ ಕೈಯಲ್ಲಿ ಹೇಳಿಕಳಿಸಿದ್ದಾರೆ. ಇರಲಿ. ಹೇಳಬೇಕಾದ ಮೊದಲ ವಾಕ್ಯವನ್ನು ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡಿದ್ದೇನೆ, ಇನ್ನೂ ಸರಾಗವಾಗಿ ಬರುತ್ತಿಲ್ಲ: "ಗೇಟಿನವರ ಬಗ್ಗೆ ಆ ಹಾಸ್ಯ ಬರೆದವನು ನಾನು. ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು."

ಇಂತಿ,
'ತಮ್ಮ ವಿಶ್ವಾಸಿ' ಎಂದು ಬರೆಯಲು ಈ ಸಲ ಕೈ ಬಾರದ,
ಮೂರನೇ ಪುಟದ ಮಾಜಿ ಹಾಸ್ಯಗಾರ, ಟೈಲ್ಸ್ ಮೇಸ್ತ್ರಿ