ಚಿತ್ರದ ಅಂಚಿನಲ್ಲಿ ಗೆಂಚೋ ತಾತ

ಸೆಪ್ಟೆಂಬರ್ 8

ಕೆಟಲ್ಲಿನ ಹೊಟ್ಟೆಯಲ್ಲಿ ಇಡೀ ಅಡುಗೆಮನೆ ಕಾಣಿಸಿತು. ಕಿಟಕಿ ಬಿಲ್ಲಿನಂತೆ ಬಾಗಿತ್ತು. ನಡುವೆ ನಾನು — ಬರೀ ಮೂಗು. ಕ್ಯಾಮೆರಾದ ಹೊಸ ಲೆನ್ಸೂ ಹೀಗೇ ನೋಡುತ್ತದೆ. ಹೊಸದೇನಲ್ಲ, ನಿನ್ನೆ ಭಾನುವಾರದ ಸಂತೆಯಲ್ಲಿ ಸಿಕ್ಕ ಹಳೆಯ ರಷ್ಯನ್ ಫಿಶ್‌ಐ. ಎದುರಿನದು, ಎಡದ್ದು, ಬಲದ್ದು, ಎಲ್ಲವನ್ನೂ ಒಟ್ಟಿಗೆ ನುಂಗುತ್ತದೆ.

ಪುಸ್ತಕದ ಪ್ರೂಫ್ ತಿದ್ದಿ ಮುಗಿಸಿ ಪೇಟೆಗೆ ಹೋದೆ. ಬಂದ ಚಿತ್ರಗಳಲ್ಲಿ ನಮ್ಮೂರು ಪ್ಲೋವ್ಡಿವ್‌ನ ಆಕಾಶವೇ ಹೆಚ್ಚು. ಜನ ಇರುವೆಗಳಷ್ಟು. ಮುಖ ಬೇಕಾದರೆ ಒಂದು ಮೊಳದಷ್ಟು ಹತ್ತಿರ ಹೋಗಬೇಕಂತೆ. ಮೊಳ! ಬ್ರೆಡ್ ಅಂಗಡಿಯಲ್ಲಿ 'ಒಂದು' ಎನ್ನುವ ಬದಲು ಬೆರಳು ತೋರಿಸುವವಳು ನಾನು.

ಸೆಪ್ಟೆಂಬರ್ 13

ಉಪಾಯ ಸಿಕ್ಕಿತು. ಕಟ್ಟಡಕ್ಕೆ ಗುರಿಯಿಟ್ಟರೆ ಸಾಕು, ಪಕ್ಕದಲ್ಲಿರುವ ಜನ ತಾವಾಗಿಯೇ ಅಂಚಿಗೆ ಬಂದು ಬೀಳುತ್ತಾರೆ. ಅವರಿಗೆ ಗೊತ್ತೇ ಆಗುವುದಿಲ್ಲ. ಯಾರನ್ನೂ ಕೇಳಬೇಕಿಲ್ಲ.

ನಮ್ಮ ಬ್ಲಾಕಿನ ಮುಂದೆ, ಮರದ ಕೆಳಗಿನ ಬೆಂಚಿನಲ್ಲಿ, ಕೆಳಮನೆಯ ಗೆಂಚೋ ತಾತ ಎಂದಿನಂತೆ ಗೆಳೆಯ ಸ್ಲಾವಿಯ ಜೊತೆ ದಾಳ ಉರುಳಿಸುತ್ತಿದ್ದರು. ನಾನು ಮೂರನೇ ಮಹಡಿಯ ಬಾಲ್ಕನಿಗೆ ಕ್ಯಾಮೆರಾ ಹಿಡಿದೆ. ಅಲ್ಲಿ ಬಟ್ಟೆ ಒಣಗುತ್ತಿತ್ತು. ಒಂದು ಕ್ಲಿಕ್.

"ಏನಮ್ಮಾ, ನನ್ ಹೆಂಡ್ತಿ ಲಂಗದ ಫೋಟೋನಾ?" ಎಂದರು ಸ್ಲಾವಿ.

"ದಾಳ ಹಾಕೋ ಸುಮ್ನೆ. ಸೋಲೋನಿಗೆ ಬಾಯಿ ಜಾಸ್ತಿ," ಎಂದರು ಗೆಂಚೋ ತಾತ.

ಕೆನ್ನೆ ಬಿಸಿಯಾಯಿತು. ಇನ್ನೊಂದು ಕ್ಲಿಕ್. ಆ ಕಡೆ ನೋಡದೆ ಮೆಟ್ಟಿಲು ಹತ್ತಿಬಿಟ್ಟೆ.

ಸೆಪ್ಟೆಂಬರ್ 25

ಕೆಳಗಿನ ಬಾಗಿಲಿಗೆ ಕಪ್ಪು ಅಂಚಿನ ಮರಣದ ಕಾಗದ ಅಂಟಿಸಿದ್ದಾರೆ. ಗೆಂಚೋ ತಾತ. ಹೃದಯ... ಮೊನ್ನೆ ಮಲಗಿದವರು ಏಳಲಿಲ್ಲವಂತೆ. ಕಾಗದದಲ್ಲಿರುವುದು ಗುರುತಿನ ಚೀಟಿಯ ಫೋಟೋ. ಯಾರೋ ಬೈದು ಕೂರಿಸಿದಂಥ ಮುಖ.

ಬೆಂಚಿನಲ್ಲಿ ಸ್ಲಾವಿ ಒಬ್ಬರೇ. ಏನಾದರೂ ಹೇಳಬೇಕಿತ್ತು. ಕೀಲಿಕೈ ಹುಡುಕುತ್ತ ಒಳಗೆ ನುಸುಳಿದೆ.

ಅಕ್ಟೋಬರ್ 27

ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದೇನೂ ನಡೆಯಲಿಲ್ಲ. ಕೆಲವು ದಿನ ನನ್ನ ದನಿ ನನಗೇ ಕೇಳಿಸಲಿಲ್ಲ.

ಇವತ್ತು ಮೆಟ್ಟಿಲಲ್ಲಿ ಗೆಂಚೋ ತಾತನ ಹೆಂಡತಿ ದೋಂಕಾ ಅಜ್ಜಿ ಅಡ್ಡ ನಿಂತರು.

"ಮಗಳೇ, ಕ್ಯಾಮೆರಾ ಹಿಡ್ಕೊಂಡು ತಿರುಗ್ತೀಯಲ್ಲ, ನಮ್ಮ ಮುದುಕಂದು ಒಂದು ನಗೋ ಫೋಟೋ ಇದ್ಯಾ? ನಲವತ್ತನೇ ದಿನಕ್ಕೆ ಹೊಸ ಕಾಗದ ಹಾಕ್ಬೇಕು. ಆ ಗುರುತಿನ ಚೀಟಿ ಪೊಲೀಸ್ ಮುಖಾನೇ ಮತ್ತೆ ಬೀದಿ ತುಂಬಾ ಅಂಟಿಸಿದ್ರೆ ಎದ್ದು ಬಂದು ಜಗಳ ಆಡ್ತಾನೆ."

"ಇಲ್ಲ ಅಜ್ಜಿ," ಎಂದೆ. ಇದೆ ಎಂದರೆ, ಯಾವಾಗ ತೆಗೆದೆ, ಕೇಳಿ ತೆಗೆದೆಯಾ ಎಂದು ಶುರುವಾಗುತ್ತದೆ. ಆದರೆ ತಲೆ ನನ್ನ ಮಾತು ಕೇಳಲಿಲ್ಲ. ಅತ್ತಿಂದಿತ್ತ ಆಡಿತು, ಇಲ್ಲಿ ನಾವೆಲ್ಲ ಹೌದು ಎನ್ನುವಾಗ ಆಡಿಸುವ ಹಾಗೆ.

"ಬಾಯಿ ಇಲ್ಲ ಅನ್ನುತ್ತೆ, ತಲೆ ಹೌದು ಅನ್ನುತ್ತೆ. ಯಾವುದನ್ನ ನಂಬಲಿ?"

ಓಡಿಬಂದೆ.

ಅಕ್ಟೋಬರ್ 28

ಹುಡುಕಿದೆ. ಬಾಲ್ಕನಿಯ ಎರಡನೇ ಚಿತ್ರ. ಎಡ ಅಂಚಿನಲ್ಲಿ ಬಾಗಿದ ಮರ, ಅದರಡಿ ಗೆಂಚೋ ತಾತ. ದೊಡ್ಡದು ಮಾಡಿ ನೋಡಿದೆ. ನಗುತ್ತಿದ್ದಾರೆ, ನನ್ನತ್ತಲೇ. ಅಂಗೈ ಬೆಂಚಿನ ಖಾಲಿ ಜಾಗದ ಮೇಲೆ — ಬಾ, ಕೂತ್ಕೋ ಎಂದು ತಟ್ಟುತ್ತಿರುವ ಹಾಗೆ.

ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ನಾನು.

ಕಂಪ್ಯೂಟರಿನಲ್ಲಿ ನೇರ ಮಾಡಿದೆ. ಮರ ನೆಟ್ಟಗಾಯಿತು. ಆದರೆ ಅವರ ಮುಖ ಅಗಲಕ್ಕೆ ಎಳೆದುಕೊಂಡು ಹೋಯಿತು, ನಗುವೇ ಅಳುವಿನಂತೆ. ಮೊದಲಿದ್ದ ಹಾಗೆಯೇ ಬಿಟ್ಟೆ.

ಅಕ್ಟೋಬರ್ 29

ಕೊಟ್ಟೆ. ಬಾಗಿಲಲ್ಲೇ ಹೇಳಿಬಿಟ್ಟೆ: "ಕೇಳದೇ ತೆಗ್ದಿದ್ದು ಅಜ್ಜಿ. ಅವರು ಕರೀತಿದ್ರು. ನಾನು ನೋಡ್ಲೇ ಇಲ್ಲ."

ಅಜ್ಜಿ ಕನ್ನಡಕ ಹಾಕಿಕೊಂಡರು. "ತಲೆ ಮೊಟ್ಟೆ ಆಗಿದೆ. ಗಲ್ಲ ಎಲ್ಲೋ ಜಾರಿಹೋಗಿದೆ..." ಚಿತ್ರವನ್ನು ಬೆಳಕಿಗೆ ಹಿಡಿದರು. "ಇವನೇ. ನಕ್ರೆ ಹೀಗೇ ಸೊಟ್ಟ ಆಗ್ತಿದ್ದ."

ಕಾಫಿ ಇಟ್ಟರು. ಬೇಡ ಎನ್ನಲು ಬಿಡಲಿಲ್ಲ. "ಮೇಲಿನ ಹುಡುಗೀಗೆ ಸೊಕ್ಕು ಅಂತಿದ್ದೆ ನಾನು. ಸೊಕ್ಕಲ್ಲ ಕಣೇ, ಹೆದರಿಕೆ ಅಂತಿದ್ದ ಅವ್ನು."

ಕಾಫಿಯನ್ನು ತಳದ ಗಸಿಯವರೆಗೂ ಕುಡಿದೆ.

ಹೊರಡುವಾಗ ತೋಳು ಹಿಡಿದರು. "ನಂದೂ ಒಂದು ತೆಗೆದಿಡು. ನನ್ನ ಕಾಗದಕ್ಕೆ. ಭಾನುವಾರ ಬಾ, ಅಷ್ಟರಲ್ಲಿ ಕೂದ್ಲಿಗೆ ಬಣ್ಣ ಹಚ್ಕೋತೀನಿ."

"ಇದೇ ಲೆನ್ಸ್‌ನಲ್ಲೇ ತೆಗೀಲಾ?"

"ಮತ್ತೆ? ಅವನೊಬ್ಬನೇ ಸೊಟ್ಟ ಇರ್ಬೇಕಾ? ಜೋಡಿ ಸರಿಹೋಗ್ಬೇಡ್ವಾ?"

ನವೆಂಬರ್ 1, ಸಂಜೆ

ಹೊಸ ಕಾಗದ ಬಾಗಿಲಲ್ಲಿದೆ. ಸ್ಲಾವಿ ಅಂಟಿಸಿದರು. ಹೋಗುವವರು ನಿಂತು ನೋಡುತ್ತಾರೆ, ನಕ್ಕುಬಿಡುತ್ತಾರೆ, ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ.

ನಾಳೆ ಅಜ್ಜಿಯ ಫೋಟೋ. ಬದುಕಿರುವವರನ್ನು ಮರಣದ ಕಾಗದಕ್ಕೆಂದು ತೆಗೆಯುವುದು ಹೇಗೆ? ಅದೂ ಅಷ್ಟು ಹತ್ತಿರ ಕೂತು, ಅವರ ಉಸಿರು ತಾಕುವಷ್ಟು... ಇಡೀ ದಿನ ಪ್ರೂಫ್ ಮುಂದಕ್ಕೆ ಹೋಗಲಿಲ್ಲ.

ತೆಗೆಯುತ್ತೇನೆ. ಎಷ್ಟೇ ಚೆನ್ನಾಗಿ ಬಂದರೂ ಚೆನ್ನಾಗಿ ಬಂದಿಲ್ಲ ಎನ್ನುತ್ತೇನೆ. ಮುಂದಿನ ಭಾನುವಾರ ಇನ್ನೊಮ್ಮೆ ಕೂರಬೇಕು ಎನ್ನುತ್ತೇನೆ. ಅದರ ಮುಂದಿನ ಭಾನುವಾರವೂ. ಬೆಳಕು ಸಾಲಲಿಲ್ಲ ಎಂದು, ನೀವು ಕಣ್ಣು ಮುಚ್ಚಿದಿರಿ ಎಂದು, ಕಾಫಿ ಕಪ್ಪು ಅಡ್ಡ ಬಂತು ಎಂದು...