ಟ್ಯಾಂಕರಿಗೆ ಹಿಡಿಯದ ದೀಪ

ಮಾರ್ಚ್ 4
ಡೈರಿ ಲ್ಯಾಬಲ್ಲಿ ಇವತ್ತೂ ಪುಡಿ ತೊಳೆದದ್ದೇ ಆಯ್ತು. ಕೈಯೆಲ್ಲ ಆಸಿಡ್ ನಾತ. ಅದೇನು ದಿನಾ ತೊಳೀತೀಯ ಅಂತ ಅತ್ತಿಗೆ ಕೇಳಿದಳು. ಹೇಳಿದೆ — ಹಸುವಿಗೆ ಚುಚ್ಚೋ ಆಂಟಿಬಯೋಟಿಕ್ ಸುತ್ತ ಪಾಲಿಮರ್ ಕಟ್ಟಬೇಕು, ಆಮೇಲೆ ಔಷಧಿ ತೊಳೆದು ತೆಗೀಬೇಕು. ಅದರದೇ ಆಕಾರದ ಗುಳಿ ಉಳಿಯುತ್ತೆ. ಕತ್ತಲಲ್ಲಿ ಯುವಿ ದೀಪ ಹಿಡಿದರೆ ಪುಡಿ ನೀಲಿಯಾಗಿ ಹೊಳೆಯುತ್ತೆ. ಹಾಲಲ್ಲಿ ಆ ಔಷಧಿ ಇದ್ದರೆ ಗುಳೀಲಿ ಹೋಗಿ ಕೂರುತ್ತೆ, ಬೆಳಕು ಸಾಯುತ್ತೆ.
"ಅಂದರೆ ಕುಂಡೆ ಅಳತೆ ತಗೊಂಡು ಕುರ್ಚಿ ಮಾಡಿದ ಹಾಗೆ. ನಿಮ್ಮ ಮ್ಯಾನೇಜರ್ ಕುರ್ಚಿ ಇದ್ದ ಹಾಗೆ."
ಬಹಳ ದಿನದ ಮೇಲೆ ಇಬ್ಬರೂ ನಕ್ಕದ್ದು.

ಮಾರ್ಚ್ 9
ಡೈರಿ ಬಾಗಿಲಲ್ಲಿ ಕ್ಯಾನುಗಳ ಸಾಲು. ಅತ್ತಿಗೆಯ ಹಾಲಿಗೆ ಪುಡಿ ಹಾಕಿದೆ. ಕತ್ತಲೆ. ಹಸುವಿಗೆ ಕೆಚ್ಚಲು ಬಾವು ಅಂತ ಇಂಜೆಕ್ಷನ್ ಆಗಿತ್ತು, ಹಾಲು ಮಾರಬಾರದ ಗಡುವು ಮುಗೀತು ಅಂದುಕೊಂಡಿದ್ದಳು. ಮುಗಿದಿರಲಿಲ್ಲ. ಚೆಲ್ಲಿ ಅಂದವಳು ನಾನೇ. ಮೋರಿಗೆ ಸುರಿದರು. ಅಣ್ಣ ಸತ್ತ ಮೇಲೆ ನಮ್ಮನ್ನ ಸಾಕಿದ್ದು ಆ ಎರಡು ಹಸು.
ಮನೇಲಿ ತಟ್ಟೆ ಇಟ್ಟಳು. ತಾನು ಉಣ್ಣದೆ ಕೊಟ್ಟಿಗೆಗೆ ಹೋದಳು.

ಮಾರ್ಚ್ 10
ಡೈರಿ ಮಾಲೀಕನ ಸ್ವಂತ ಫಾರಮ್ಮಿನ ಟ್ಯಾಂಕರ್ ಬಂತು. ಅದಕ್ಕೆ ದೀಪ ಹಿಡಿಯೋ ಪದ್ಧತಿಯೇ ಇಲ್ಲ. ಇವತ್ತು ಹಿಡಿದೆ. ಅತ್ತಿಗೆಯ ಹಾಲಿಗಿಂತ ಗಾಢ ಕತ್ತಲೆ. ಮಕ್ಕಳ ಆಸ್ಪತ್ರೆಗೆ ಹೋಗೋ ಹಾಲು ಇದು! ದಿನಾ ಔಷಧಿ ತೊಟ್ಟು ತೊಟ್ಟು ಒಳಗೆ ಹೋದರೆ ರೋಗಾಣು ಪಳಗುತ್ತೆ. ಆಮೇಲೆ ಜ್ವರಕ್ಕೆ ಔಷಧಿ ನಾಟಲ್ಲ.
ಮ್ಯಾನೇಜರ್ ಹಾಲಿನ ಟ್ಯೂಬ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ನೀನು ಪುಡಿ ಸರಿಯಾಗಿ ತೊಳೆದಿಲ್ಲಮ್ಮ. ಗುಳೀಲಿ ಹಳೇ ಔಷಧಿ ಉಳಿದಿದೆ."
ನಿನ್ನೆಯದೇ ಡಬ್ಬಿ ಸಾರ್ ಅಂದೆ. ನಿನ್ನೆ ಸರಿ ಇತ್ತು ಅಂದ.
ಒಂದೇ ಡಬ್ಬಿ. ನಮ್ಮ ಹಾಲಿಗೆ ಸತ್ಯ, ಮಾಲೀಕನ ಹಾಲಿಗೆ ಸುಳ್ಳು. ಥೂ.

ಮಾರ್ಚ್ 11
ಆಯ್ತಪ್ಪ, ತೊಳೆದೆ. ಮತ್ತೆ ತೊಳೆದೆ. ಔಷಧಿ ಮುಟ್ಟದ ಹಸುವಿನ ಹಾಲಿಗೆ ಹಾಕಿದೆ — ಫಳಫಳ. ಟ್ಯಾಂಕರ್ ಹಾಲಿಗೆ ಹಾಕಿದೆ — ಕತ್ತಲೆ.
ಅತ್ತಿಗೆಗೆ ಹೇಳಿದೆ. ಸಗಣಿ ಬಾಚ್ತಾ ಇದ್ದವಳು ನಿಂತಳು.
"ನನ್ನದು ಚೆಲ್ಲಿದ್ದು ಸರಿ ಕಣೇ. ಅದನ್ನ ಯಾಕೆ ಚೆಲ್ಲಲಿಲ್ಲ?"
ಉತ್ತರ ಗೊತ್ತು. ಅವಳ ಸಗಣಿ ಬುಟ್ಟಿ ಹೊತ್ತು ತಿಪ್ಪೆ ಕಡೆ ನಡೆದೆ... ಸಂಬಳ ತಿನ್ನೋ ಬಾಯಿ.

ಮಾರ್ಚ್ 19
ಬರೆಯೋ ಮನಸ್ಸಿರಲಿಲ್ಲ. ಕೆಲಸ ಹೋಗಿ ವಾರ ಆಯ್ತು.
ಅವತ್ತು ಕ್ಯಾನು ಸಾಲಿನ ಎದುರೇ, ಬಿಸಿಲು ತಡೆಯೋಕೆ ಕಪ್ಪು ಬಟ್ಟೆ ಹೊದ್ದು, ಟ್ಯಾಂಕರ್ ಹಾಲಿಗೆ ದೀಪ ಹಿಡಿದೆ. ಒಬ್ಬೊಬ್ಬರೂ ಬಗ್ಗಿ ನೋಡಿದರು. ಚೆಲ್ಲಿ ಅಂದೆ. ಯಾರೂ ಕದಲಲಿಲ್ಲ. ಡ್ರೈವರ್ ತಲೆ ತಗ್ಗಿಸಿ ಪೈಪು ಜೋಡಿಸಿದ. ಹಾಲು ಒಳಗೆ, ನಾನು ಹೊರಗೆ.
ಆಸ್ಪತ್ರೆಗೂ ಹೋಗಿ ಹೇಳಿದೆ. ಡೈರಿಯವರನ್ನೇ ಕೇಳ್ತೀವಿ ಅಂದರು. ಕಳ್ಳನನ್ನೇ ಕೇಳ್ತಾರಂತೆ.

ಮಾರ್ಚ್ 20, ಬೆಳಿಗ್ಗೆ
ಪಕ್ಕದ ಮನೆಯವಳು ಏದುಸಿರು ಬಿಡ್ತಾ ಬಂದಳು. ಅತ್ತಿಗೆ ಇವತ್ತು ಡೈರಿಗೆ ಹಾಲು ಸುರಿದಿಲ್ಲವಂತೆ. ಈಗ ಅವಳ ಹಾಲು ಚೊಕ್ಕ, ಪಾಸಾಗಿದೆ. ಆದರೂ ಸುರಿಯಲ್ಲ ಅಂದಳಂತೆ. ಟ್ಯಾಂಕರ್ ಬರೋ ಗೇಟಿಗೆ ಅಡ್ಡ ಕ್ಯಾನಿಟ್ಟು ಕೂತಿದ್ದಾಳಂತೆ — ಮೊದಲು ಅದಕ್ಕೆ ದೀಪ ಹಿಡೀರಿ ಅಂತ. ಉಳಿದವರು ತಮ್ಮ ತಮ್ಮ ಹಾಲು ಸುರಿದು ಮನೆಗೆ. ಅವರ ಮೇಲೆ ಸಿಟ್ಟಿಲ್ಲ, ಒಲೆ ಉರೀಬೇಕಲ್ಲ.
ಬಿಸಿಲೇರ್ತಾ ಇದೆ. ಹಾಲು ಒಡೆಯುತ್ತೆ. ಪೊಲೀಸರಿಗೂ ಫೋನ್ ಹೋಗಿದೆಯಂತೆ.
ಹೊರಟೆ. ಒಬ್ಬಳು ಕೂತರೆ ಹುಚ್ಚಿ ಅಂತಾರೆ. ಇಬ್ಬರು ಕೂತರೆ —