ವಿಕಿರಣ ತಗುಲದೆ ಉಳಿದದ್ದು ಬೀರು

ವಿಕಿರಣ ಸುರಕ್ಷತಾ ಕಚೇರಿಯ ಮುಖ್ಯಸ್ಥರೇ,

ಮಾನ್ಯರೇ, ನನ್ನ ಅರ್ಜಿಗೆ ಉತ್ತರವಾಗಿ, ನನ್ನ ಗಂಡನ ಮೈಗೆ ಬಿದ್ದ ವಿಕಿರಣ ‘ಸೊನ್ನೆ’ ಎಂದು ತಾವು ಲಿಖಿತವಾಗಿ ತಿಳಿಸಿದ್ದೀರಿ. ಆ ಲಕೋಟೆ ಒಡೆದವಳು ನಾನು. ಅವರ ಬಲಗೈಯಲ್ಲಿ ಈಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಇಲ್ಲ.

ಹದಿನಾರು ವರ್ಷ ಅವರು ಒಂದು ಕಂಪನಿಯಲ್ಲಿ ಅನಿಲದ ಕೊಳವೆಗಳ ಬೆಸುಗೆಯನ್ನು ಗಾಮಾ ಕಿರಣದಿಂದ ಫೋಟೊ ತೆಗೆದರು. ಕೂದಲೆಳೆಯಷ್ಟು ಬಿರುಕಿದ್ದರೂ ಫಿಲಮ್ಮಿನಲ್ಲಿ ಕಾಣುತ್ತದೆ. ದಪ್ಪ ಲೋಹದ ಪೆಟ್ಟಿಗೆಯಲ್ಲಿರುವ ವಿಕಿರಣದ ಪುಟ್ಟ ಗುಳಿಗೆಯನ್ನು ತಂತಿಯಿಂದ ನಳಿಕೆಯೊಳಕ್ಕೆ ತಳ್ಳಿ, ಫೋಟೊ ಆದಮೇಲೆ ಹಿಂದಕ್ಕೆ ಎಳೆದುಕೊಳ್ಳಬೇಕು. ಅಂದು ತಂತಿ ಬಂತು, ಗುಳಿಗೆ ಬರಲಿಲ್ಲ. ಕಳಚಿಕೊಂಡು ನಳಿಕೆಯ ತುದಿಯಲ್ಲೇ ಉಳಿಯಿತು. ಎಚ್ಚರಿಸಬೇಕಾದ ಮೀಟರು ರಿಪೇರಿಗೆ ಹೋಗಿ ಐದು ವಾರವಾಗಿತ್ತು. “ಮೀಟರಿಲ್ದೆ ಹೇಗೆ ಸಾರ್?” ಎಂದು ಇವರು ಕೇಳಿದ್ದಕ್ಕೆ ಮೇಲ್ವಿಚಾರಕರು, “ನಿನಗೇನಪ್ಪ ಇದು ಹೊಸದಾ? ಬೇಗ ಮುಗ್ಸು” ಅಂದರಂತೆ. ಗುಳಿಗೆ ಅಲ್ಲೇ ಇದೆಯೆಂದು ತಿಳಿಯದೆ ಇವರು ಆ ತುದಿಯನ್ನೇ ಕೈಯಲ್ಲಿ ಹಿಡಿದು ಒಂದೊಂದೇ ಬೆಸುಗೆಗೆ ಕಟ್ಟುತ್ತಾ ಹೋದರು.

ಹತ್ತು ದಿನಕ್ಕೆ ಬೆರಳು ಕೆಂಪಗೆ ಊದಿಕೊಂಡವು.

“ಸುಟ್ಕೊಂಡ್ರಾ?” ಎಂದೆ.

“ಬಿಸಿ ಏನೂ ಮುಟ್ಟಿಲ್ಲ ಕಣೇ. ಆದ್ರೂ ಒಳಗಿಂದ ಉರಿ.”

ನಾನು ಮುಲಾಮು ಸವರಿದೆ. ಮೂರನೇ ವಾರ ಗುಳ್ಳೆ ಒಡೆದವು; ನಾಲ್ಕನೇ ತಿಂಗಳು ಬೆರಳು ತೆಗೆದರು. ಗುಳಿಗೆ ಕಳಚಿದ ಮರುದಿನವೇ ಇನ್ನೊಂದು ತಂಡದ ಮೀಟರು ಚೀರಿ ಅದು ಸಿಕ್ಕಿತ್ತೆಂದೂ, ಅದನ್ನು ಸದ್ದಿಲ್ಲದೆ ಪೆಟ್ಟಿಗೆಗೆ ಸೇರಿಸಿದರೆಂದೂ ನಮಗೆ ತಿಳಿದದ್ದು ಆ ತಂಡದ ಗೆಳೆಯರೊಬ್ಬರು ಆಸ್ಪತ್ರೆಗೆ ಬಂದು ತಲೆ ತಗ್ಗಿಸಿ ಹೇಳಿದಾಗ.

ಇನ್ನು ತಮ್ಮ ಸೊನ್ನೆಯ ವಿಚಾರ. ಇವರ ಎದೆಯ ಮೇಲಿರಬೇಕಾದ, ವಿಕಿರಣ ಅಳೆಯುವ ಬ್ಯಾಡ್ಜು ಅಂದು ಮೇಲ್ವಿಚಾರಕರ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು. ಲೆಕ್ಕ ಮಿತಿ ದಾಟಿದರೆ ಕೆಲಸಗಾರನನ್ನು ದೂರ ಇಡಬೇಕಾಗುತ್ತದಲ್ಲ! ಆ ಬ್ಯಾಡ್ಜನ್ನು ಪರೀಕ್ಷಿಸಿದ ತಮ್ಮ ಪ್ರಯೋಗಾಲಯ ಸುಳ್ಳು ಹೇಳಿಲ್ಲ ಸ್ವಾಮಿ. ಬೀರುವಿಗೆ ಎಳ್ಳಷ್ಟೂ ವಿಕಿರಣ ತಗುಲಿಲ್ಲ. ಆದರೆ ನಾನು ಅರ್ಜಿ ಬರೆದದ್ದು ಬೀರುವಿನ ಆರೋಗ್ಯ ವಿಚಾರಿಸಲು ಅಲ್ಲ. ಕಡತ ಮುಚ್ಚುವ ಮುನ್ನ ಆ ಕೈಯನ್ನೊಮ್ಮೆ ನೋಡೋಣವೆಂದು ತಮ್ಮ ಇಡೀ ಕಚೇರಿಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ?

ತಮ್ಮ ಪತ್ರವನ್ನು ಗಂಡನಿಗೆ ಓದಿ ಹೇಳಿದೆ. ಅವರು, “ದೊಡ್ಡ ಕಚೇರಿಯವ್ರು ಹೇಳ್ತಾರೆ ಅಂದ್ರೆ... ನಂಗೆ ಬೇರೆ ಏನೋ ಕಾಯಿಲೆ ಇರ್ಬೇಕು ಬಿಡೇ,” ಅಂದರು. ಬೆರಳು ಹೋದಾಗ ಅಳದವಳು ಆಗ ಅತ್ತೆ. ಕೈಯನ್ನು ಆ ಕಂಪನಿ ತಿಂದಿತು. ತಾನು ಅನುಭವಿಸಿದ್ದು ನಿಜವೆಂದು ನಂಬುವ ಧೈರ್ಯವನ್ನು ತಮ್ಮ ಕಾಗದ ಕಿತ್ತುಕೊಂಡಿತು.

ನಾನು ಪರಿಹಾರ ಕೇಳುತ್ತಿಲ್ಲ. ಸೊನ್ನೆಯನ್ನು ಹೊಡೆದುಹಾಕಿ ‘ಅಳೆದಿಲ್ಲ’ ಎಂದು ಬರೆಯಿರಿ. ಆ ಕಂಪನಿಯಲ್ಲಿ ಈಗಲೂ ಆರು ಮಂದಿ ಇದೇ ಕೆಲಸಕ್ಕೆ ದುಡಿಯುತ್ತಿದ್ದಾರೆ. ಮುಂಚಿತವಾಗಿ ತಿಳಿಸದೆ, ತಮ್ಮದೇ ಮೀಟರು ಹಿಡಿದು ಹೋಗಿ, ಅವರ ಎದೆಯ ಮೇಲೆ ಬ್ಯಾಡ್ಜು ಇದೆಯೇ ನೋಡಿ.

ಇಂತಿ,
ದಿನಾ ಬೆಳಗ್ಗೆ ಗಂಡನ ಅಂಗಿಗೆ ಗುಂಡಿ ಹಾಕುವಾಗ, ಅವರು ಮುಖ ತಿರುಗಿಸಿಕೊಳ್ಳುವುದನ್ನು ಕಾಣದಂತೆ ನಟಿಸುವ ಹೆಂಡತಿ